ಬಿತ್ತಕ್ಕಿಟ್ಟ ಭತ್ತವನ್ನೂ ಅಕ್ಕಿ ಮಾಡಿಸಿದೆವು

2007ರ ಮೇ ಕೊನೆ. ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳೆಲ್ಲ ತಿರುಗಾಟ ಮುಗಿಸಿದ್ದವು. ಕುಂದಾಪುರದ ಶಾಸ್ತ್ರಿ ವೃತ್ತದಿಂದ ನಾಲ್ಕು ಹೆಜ್ಜೆ ಒಳಗಿದ್ದ ನನ್ನ ಅಂಗಡಿಗೆ ಹಿರಿಯ ಮದ್ದಳೆಗಾರರೊಬ್ಬರು ಬಂದರು. ಅವರ ಬಟ್ಟೆ ಚೀಲದಲ್ಲಿ ಆರು ಕ್ಯಾಸೆಟ್, ಒಂದೊಂದೂ ತೊಂಬತ್ತು ನಿಮಿಷದ್ದು. 1986ರಲ್ಲಿ ಒಂದು ಹರಕೆ ಆಟದ ರಾತ್ರಿ, ಮೈಕ್ ಸೆಟ್‌ನವರ ಆಂಪ್ಲಿಫೈಯರ್‌ನಿಂದ ನೇರ ವಯರ್ ಎಳೆದು ಒಳ್ಳೆಯ ಡೆಕ್‌ನಲ್ಲಿ ಮಾಡಿಕೊಂಡ ರೆಕಾರ್ಡಿಂಗ್. ಪದ್ಯ ಹೇಳಿದ ಭಾಗವತರು ಅಷ್ಟರಲ್ಲಿ ತೀರಿಕೊಂಡಿದ್ದರು. ಚಂಡೆಯವರೂ ಇರಲಿಲ್ಲ. ಆ ರಾತ್ರಿಯ ಹಿಮ್ಮೇಳದಲ್ಲಿ ಉಳಿದವರು ಇವರೊಬ್ಬರೇ. "ಇದನ್ನ ಮೊಬೈಲಿಗೆ ಹಾಕಿ ಕೊಡಿ ಕಾಂಬ. ಮಗ ದುಬೈಯಲ್ಲಿದ್ದಾನೆ, ಅವನಿಗೂ ಕಳಿಸ್ಬೇಕು" ಅಂದರು.

ಹಾಕಿಕೊಟ್ಟೆ. ಹೇಗೆ ಹಾಕಿಕೊಟ್ಟೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅವರ ಹತ್ತಿರವಿದ್ದ ಮೆಮೊರಿ ಕಾರ್ಡ್ 512 ಎಂಬಿಯದು. ಒಂಬತ್ತು ಗಂಟೆಯ ಆಟವನ್ನು 128 ಕೆಬಿಪಿಎಸ್‌ನ ಎಂಪಿ3 ಮಾಡಿದರೆ 518 ಎಂಬಿ ಆಗುತ್ತದೆ, ಕಾರ್ಡಿಗೆ ಹಿಡಿಯುವುದಿಲ್ಲ. 64ಕ್ಕೆ ಇಳಿಸಿದರೆ 259 ಎಂಬಿ, ಅರ್ಧ ಕಾರ್ಡ್ ಖಾಲಿ ಉಳಿಯುತ್ತದೆ. ನಾನು 64 ಒತ್ತಿದೆ. ಅದರ ಜೊತೆಗೇ ಸಾಫ್ಟ್‌ವೇರ್ ಸ್ಯಾಂಪ್ಲಿಂಗ್ ದರವನ್ನು 22,050ಕ್ಕೆ ಇಳಿಸಿತು, ನಾನು ಬದಲಿಸಲಿಲ್ಲ. ಟೇಪಿನ 'ಸ್ಸ್' ಎನ್ನುವ ಹಿಸ್ ಹಿಂದಿನಿಂದ ಕೇಳುತ್ತಿತ್ತು. ಫಿಲ್ಟರ್ ಹಾಕಿ ಅದನ್ನೂ ಒರೆಸಿದೆ. ಕೆಲಸ ಶುಚಿಯಾಗಿದೆ ಎಂದು ಹೆಮ್ಮೆಪಟ್ಟೆ. ಕಂಪ್ಯೂಟರಿನಲ್ಲಿ ಜಾಗ ಬೇಕೆಂದು ಮೊದಲು ಇಳಿಸಿಕೊಂಡಿದ್ದ ವೇವ್ ಫೈಲ್‌ಗಳನ್ನು ಆ ವಾರವೇ ಅಳಿಸಿಹಾಕಿದೆ.

ಮದ್ದಳೆಗಾರರು ಅಂಗಡಿಯ ಸ್ಟೂಲಿನ ಮೇಲೆ ಕೂತು ಇಯರ್‌ಫೋನ್ ಹಾಕಿಕೊಂಡರು. ಎರಡು ಪದ್ಯ ಕೇಳಿ ಇಯರ್‌ಫೋನ್ ತೆಗೆದರು. "ತಾಳ ಎಲ್ಲ್ ಹೋಯ್ತ್ ಮಾರ್ರೆ?" ಇಯರ್‌ಫೋನ್ ಸಣ್ಣದಲ್ಲವಾ, ಹಾಗಾಗಿ, ಅಂದೆ. ಅವರು ತಲೆಯಾಡಿಸಿ ದುಡ್ಡು ಕೊಟ್ಟು ಹೋದರು.

ಕಂಪ್ಯೂಟರಿಗೆ ಬಂದಾಯಿತಲ್ಲ ಎಂಬ ಧೈರ್ಯದಲ್ಲಿ ಮನೆಯವರು ಕ್ಯಾಸೆಟ್‌ಗಳನ್ನು ಅಟ್ಟಕ್ಕೆ ಹಾಕಿದರು. ನಮ್ಮ ಕರಾವಳಿಯ ಮಳೆಗಾಲ ಅಟ್ಟದ ಮೇಲಿನ ಟೇಪನ್ನು ಬಿಡುವುದಿಲ್ಲ. ನಾಲ್ಕು ವರ್ಷದ ಮೇಲೆ ತೆಗೆದು ನೋಡಿದರೆ ಬಿಳಿ ಬೂಷ್ಟು ಹಿಡಿದು ಸುರುಳಿಗಳು ಒಂದಕ್ಕೊಂದು ಅಂಟಿಹೋಗಿದ್ದವು. ಈಗ ಆ ರಾತ್ರಿಯದು ಎಂದು ಜಗತ್ತಿನಲ್ಲಿ ಉಳಿದಿರುವುದು ನಾನು ಮಾಡಿಕೊಟ್ಟ ಆ 259 ಎಂಬಿ ಮಾತ್ರ.

ತಾಳ ಎಲ್ಲಿ ಹೋಯಿತು? ಅವರ ಪ್ರಶ್ನೆಗೆ ನನಗೆ ಸರಿಯಾದ ಉತ್ತರ ಸಿಗಲು ಹತ್ತು ವರ್ಷ ಬೇಕಾಯಿತು.

ಸಿಡಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದಿಡುತ್ತಾರೆ. ಸೋನಿ, ಫಿಲಿಪ್ಸ್ ಕಂಪನಿಗಳು ಸೇರಿ 1982ರಲ್ಲಿ ಮಾರುಕಟ್ಟೆಗೆ ತಂದ ಲೆಕ್ಕ ಅದು. ಎಷ್ಟು ಸಲ ಅಳೆಯುತ್ತೇವೋ ಅದರ ಅರ್ಧದಷ್ಟು ಕಂಪನದವರೆಗಿನ ಸ್ವರವನ್ನು ಮಾತ್ರ ಹಿಡಿದಿಡಬಹುದು. ಮನುಷ್ಯನ ಕಿವಿ ಹೆಚ್ಚೆಂದರೆ 20,000 ಕಂಪನದವರೆಗೆ ಕೇಳುವುದರಿಂದ 44,100 ಸಾಕಾಗುತ್ತದೆ. ನಾನು ಅದನ್ನು 22,050ಕ್ಕೆ ಇಳಿಸಿದಾಗ 11,000ಕ್ಕಿಂತ ಮೇಲಿನದೆಲ್ಲ ಕತ್ತರಿಸಿಹೋಯಿತು. ಭಾಗವತರ ಕೈಯ ಕಂಚಿನ ತಾಳ ಬಡಿದ ಮೇಲೆ ಗಾಳಿಯಲ್ಲಿ ಉಳಿಯುವ ಆ ಸಣ್ಣ ಝೇಂಕಾರದ ಬಹುಪಾಲು ಇರುವುದು ಎತ್ತರದ ಸ್ವರಗಳಲ್ಲಿ. ಟೇಪಿನ ಹಿಸ್ ಇರುವುದೂ ಅಲ್ಲೇ. ಹಿಸ್ ಒರೆಸಿದ ಫಿಲ್ಟರ್ ಅದರ ಜೊತೆ ತಾಳವನ್ನೂ ಒರೆಸಿಕೊಂಡು ಹೋಯಿತು.

ಉಳಿದದ್ದನ್ನು ಎಂಪಿ3 ತೆಗೆಯಿತು. ಜರ್ಮನಿಯ ಎರ್ಲಾಂಗೆನ್‌ನಲ್ಲಿರುವ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ಕಾರ್ಲ್‌ಹೈಂಜ್ ಬ್ರಾಂಡೆನ್‌ಬುರ್ಗ್ ಮತ್ತು ಸಂಗಡಿಗರು ಇದನ್ನು ಬೆಳೆಸಿದರು. ಕಡತಕ್ಕೆ ಎಂಪಿ3 ಎಂಬ ಬಾಲ ಅಂಟಿದ್ದು 1995ರ ಜುಲೈಯಲ್ಲಿ. ಅವರು ಹಿಡಿದ ದಾರಿ ಬಹಳ ಜಾಣತನದ್ದು, ಅದರ ಬಗ್ಗೆ ನನಗೆ ಈಗಲೂ ಗೌರವವಿದೆ. ಜೋರಾದ ಸ್ವರದ ಪಕ್ಕದಲ್ಲೇ ಮೆಲ್ಲಗಿನ ಸ್ವರವಿದ್ದರೆ ನಮ್ಮ ಕಿವಿಗೆ ಅದು ಗೊತ್ತಾಗುವುದಿಲ್ಲ. ಚಂಡೆ ಬಡಿಯುತ್ತಿರುವಾಗ ಪಕ್ಕದವರು ಪಿಸುಗುಟ್ಟಿದ್ದು ಕೇಳದ ಹಾಗೆ. ಕೇಳದ್ದನ್ನು ಯಾಕೆ ಬರೆದಿಡಬೇಕು ಎಂಬುದು ಎಂಪಿ3ಯ ತರ್ಕ. ಸಿಡಿಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಬೇಕಾಗುವ ಸಂಗೀತ 128ರಲ್ಲಿ ಮುಗಿಯುತ್ತದೆ, ಅಂದರೆ ಹನ್ನೊಂದರಲ್ಲಿ ಒಂದು ಪಾಲು. ಈ ಲೆಕ್ಕವನ್ನು ತಿದ್ದಿ ತೀಡಲು ಬ್ರಾಂಡೆನ್‌ಬುರ್ಗ್ ಬಳಸಿದ ಧ್ವನಿಗಳಲ್ಲಿ ಅಮೆರಿಕದ ಗಾಯಕಿ ಸುಝಾನ್ ವೇಗಾ ಅವರ 'ಟಾಮ್ಸ್ ಡೈನರ್' ಹಾಡೂ ಒಂದು. ವಾದ್ಯವಿಲ್ಲದ ಒಂಟಿ ಹೆಣ್ಣು ದನಿ. ಅದು ಸರಿಬರುವವರೆಗೆ ಅವರು ಬಿಡಲಿಲ್ಲ.

ಆದರೆ ಬಿಟ್ ಕಡಿಮೆಯಾದಷ್ಟೂ ಎಂಪಿ3 ಕೇಳಿಸದ್ದನ್ನು ಮಾತ್ರ ಬಿಡುತ್ತೇನೆ ಎಂಬ ಮಾತನ್ನು ಉಳಿಸಿಕೊಳ್ಳಲಾರದು. ಕೇಳಿಸುವುದಕ್ಕೂ ಕೈ ಹಾಕುತ್ತದೆ. ನಾನು ಆರಿಸಿದ ದರದಲ್ಲಿ ಅದು ಧ್ವನಿಯನ್ನು ಸುಮಾರು 26 ಮಿಲಿಸೆಕೆಂಡಿನ ಕಂತುಗಳಾಗಿ ಕತ್ತರಿಸಿ ಒಂದೊಂದು ಕಂತಿಗೂ ಇಷ್ಟೇ ಬಿಟ್ ಎಂದು ಹಂಚುತ್ತದೆ. ಕಂತಿನ ನಡುವೆ ಎಲ್ಲೋ ಚಂಡೆಯ ಪೆಟ್ಟು ಬಿತ್ತು ಎನ್ನಿ. ಬಿಟ್ ಸಾಲದೆ ಹುಟ್ಟುವ ಗಲೀಜು ಇಡೀ ಕಂತಿಗೆ ಹರಡುತ್ತದೆ, ಪೆಟ್ಟು ಬೀಳುವ ಮೊದಲಿನ ಮೌನಕ್ಕೂ. ಕೋಲು ಚರ್ಮಕ್ಕೆ ತಾಗುವ ಮುಂಚೆಯೇ ಒಂದು ಸಣ್ಣ ಸರಬರ ಸದ್ದು. ಪೆಟ್ಟಿನ ಮೊನೆ ಮೊಂಡಾಗುತ್ತದೆ. ಸ್ಪೇನಿನ ಕ್ಯಾಸ್ಟನೆಟ್ ಎಂಬ ಚಿಟಿಕೆ ವಾದ್ಯದಲ್ಲಿ ಈ ದೋಷ ಎದ್ದು ಕಾಣುತ್ತದೆಂದು ಎಂಜಿನಿಯರುಗಳಿಗೆ ಗೊತ್ತಿತ್ತು, ಪರೀಕ್ಷೆಗೆ ಅದನ್ನೇ ಬಳಸುತ್ತಿದ್ದರು. ಒಂದರ ಬೆನ್ನಿಗೆ ಒಂದು ಬೀಳುವ ಚಂಡೆಯ ಉರುಳಿಕೆಯನ್ನು ನೆನೆಸಿಕೊಳ್ಳಿ. ಜೊತೆಗೆ ಮದ್ದಳೆಯ ಬಲದ ಚಾಪು, ಎಡದ ಗುಮಕಿ, ಮೇಲೆ ತಾಳ, ಅಡಿಯಲ್ಲಿ ಬಿಡದೆ ನಿಂತ ಶ್ರುತಿ. ಕಡಿಮೆ ಬಿಟ್‌ನ ಎಂಪಿ3ಗೆ ಯಾವ ಯಾವುದು ಕಷ್ಟವೋ ಅದೆಲ್ಲವನ್ನೂ ಒಟ್ಟು ಸೇರಿಸಿ ಒಂದು ಸಂಗೀತ ಕಟ್ಟಿದರೆ ಅದು ಬಡಗುತಿಟ್ಟು ಯಕ್ಷಗಾನದ ಹಿಮ್ಮೇಳವಾಗುತ್ತದೆ.

ವೇಷವಿಲ್ಲದೆ ಕೂತು ಮಾತಿನಿಂದ ಪ್ರಸಂಗ ನಡೆಸುವ ತಾಳಮದ್ದಳೆಯ ಮಾತು ಬೇರೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯನ್ನು 48 ಕೆಬಿಪಿಎಸ್‌ನಲ್ಲಿ ಕೇಳಿದರೂ ಒಂದು ಪದ ತಪ್ಪುವುದಿಲ್ಲ. ಮಾತು ಗಟ್ಟಿ ಜೀವಿ. ಎಷ್ಟು ಹಿಂಡಿದರೂ ಬದುಕುತ್ತದೆ. ಇದೇ ನಮ್ಮನ್ನು ಮೋಸಗೊಳಿಸಿತು ಅನ್ನಿಸುತ್ತದೆ. ಭಾಗವತರ ಸಾಹಿತ್ಯ ಸ್ಪಷ್ಟವಾಗಿ ಕೇಳುತ್ತದಲ್ಲ, ಹಾಗಾದರೆ ಎಲ್ಲ ಸರಿಯಿದೆ ಎಂದುಕೊಂಡೆವು. ಪದ್ಯದ ಹಿಂದೆ ಕೂತವರು ಹೋದದ್ದು ಗೊತ್ತಾಗಲಿಲ್ಲ.

ಆ ಕಾಲದ ನನ್ನ ವ್ಯಾಪಾರದ ಬಗ್ಗೆಯೂ ಹೇಳಬೇಕು. ಅದಕ್ಕೂ ಮೊದಲು ನನ್ನದು ಕ್ಯಾಸೆಟ್ ತುಂಬಿಸಿಕೊಡುವ ಅಂಗಡಿ. ಗಿರಾಕಿ ಪಟ್ಟಿ ಬರೆದುಕೊಟ್ಟರೆ ಎರಡು ದಿನ ಬಿಟ್ಟು ಹಾಡು ತುಂಬಿದ ಕ್ಯಾಸೆಟ್ ಕೈಗೆ ಸಿಗುತ್ತಿತ್ತು. ಮೊಬೈಲ್ ಬಂದ ಮೇಲೆ ಕಾರ್ಡ್ ತುಂಬಿಸುವ ಕೆಲಸ. ರಾತ್ರಿ ಇಂಟರ್ನೆಟ್ ಬಿಟ್ಟುಕೊಂಡು ಹಾಡು ಡೌನ್‌ಲೋಡ್ ಮಾಡುವುದು, ಹಗಲು ಮೂವತ್ತು ರೂಪಾಯಿಗೆ ಒಂದು ಕಾರ್ಡ್ ತುಂಬಿಸಿಕೊಡುವುದು. ಹಾಡಿದವರಿಗೆ, ನುಡಿಸಿದವರಿಗೆ ಅದರಲ್ಲಿ ಒಂದು ಪೈಸೆಯೂ ಹೋಗುತ್ತಿರಲಿಲ್ಲ. ಅದು ತಪ್ಪು, ಆಗಲೂ ತಪ್ಪೇ. ಗಿರಾಕಿಗಳು ಕೇಳುತ್ತಿದ್ದುದು ಒಂದೇ ಪ್ರಶ್ನೆ, ಎಷ್ಟು ಹಾಡು ಹಿಡಿಯುತ್ತದೆ? ಇನ್ನೂರು ಅಂದರೆ ಪಕ್ಕದ ಅಂಗಡಿಯವನು ನಾನೂರು ಎನ್ನುತ್ತಿದ್ದ. ಹಾಗಾಗಿ 128ರಲ್ಲಿ ಇಳಿಸಿದ್ದನ್ನು ನಾವು ಮತ್ತೆ 64 ಮಾಡುತ್ತಿದ್ದೆವು. ಒಮ್ಮೆ ಹಿಂಡಿದ ಕಬ್ಬಿನ ಸಿಪ್ಪೆಯನ್ನು ಇನ್ನೊಮ್ಮೆ ಗಾಣಕ್ಕೆ ಕೊಟ್ಟಂತೆ.

ನಮ್ಮ ಅಜ್ಜಿ ಬಿತ್ತದ ಭತ್ತವನ್ನು ಬೇರೆಯೇ ಇಡುತ್ತಿದ್ದಳು. ಆಷಾಢದಲ್ಲಿ ಅಕ್ಕಿಡಬ್ಬ ತಳ ಕಂಡರೂ ಅದನ್ನು ಮುಟ್ಟುವಂತಿರಲಿಲ್ಲ. ಅಕ್ಕಿ ಮಾಡಿಸಿದರೆ ಅನ್ನವಾಗುತ್ತದೆ, ರುಚಿಯಾಗಿಯೇ ಇರುತ್ತದೆ, ಆದರೆ ಗದ್ದೆಗೆ ಎಸೆದರೆ ಮೊಳೆಯುವುದಿಲ್ಲ. ಧ್ವನಿಯ ಕಡತಗಳಲ್ಲಿಯೂ ಇವೆರಡೇ ಜಾತಿ. ವೇವ್ ಎಂದರೆ ಅಳೆದದ್ದನ್ನೆಲ್ಲ ಹಾಗೇ ಬರೆದಿಟ್ಟದ್ದು. ಫ್ಲ್ಯಾಕ್ ಎಂದರೆ ಅದನ್ನೇ ಒತ್ತಾಗಿ ಕಟ್ಟಿಟ್ಟದ್ದು. ಜಾಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಬಿಚ್ಚಿದರೆ ಒಂದು ಬಿಟ್ ಕೂಡ ವ್ಯತ್ಯಾಸವಿಲ್ಲದೆ ಮೂಲ ವಾಪಸ್ ಬರುತ್ತದೆ. ಜಾಶ್ ಕೋಲ್ಸನ್ ಎಂಬವರು ಇದನ್ನು ಬರೆದು 2001ರಲ್ಲಿ ಎಲ್ಲರಿಗೂ ಉಚಿತವಾಗಿ ಕೊಟ್ಟಿದ್ದರು. ಅಂದರೆ ಮದ್ದಳೆಗಾರರು ನನ್ನ ಅಂಗಡಿಗೆ ಬರುವ ಆರು ವರ್ಷ ಮೊದಲೇ. ಆ ಒಂಬತ್ತು ಗಂಟೆ ಸಿಡಿ ಗುಣಮಟ್ಟದ ವೇವ್‌ನಲ್ಲಿ 5.7 ಜಿಬಿ. ಫ್ಲ್ಯಾಕ್ ಮಾಡಿದ್ದರೆ ಒಂದು ಖಾಲಿ ಡಿವಿಡಿಯಲ್ಲಿ ಕೂರುತ್ತಿತ್ತು. ಆಗ ಡಿವಿಡಿಗೆ 20 ರೂಪಾಯಿ.

ಎಂಪಿ3, ಎಎಸಿ, ಓಗ್ ವೋರ್ಬಿಸ್, ಓಪಸ್ ಎಲ್ಲ ಅಕ್ಕಿಯ ಜಾತಿ. ಒಳ್ಳೆಯ ಅಕ್ಕಿ ಇದೆ, ನುಚ್ಚೂ ಇದೆ. ನಾನು ಅಕ್ಕಿಯ ವಿರೋಧಿಯಲ್ಲ. ಕಳೆದ ವರ್ಷ ಒಂದು ಪರೀಕ್ಷೆ ಮಾಡಿಸಿಕೊಂಡೆ. ಆ ಮದ್ದಳೆಗಾರರ ಮೊಮ್ಮಗಳು ಈಗ ಕಾಲೇಜು ಓದುತ್ತಾ ಮದ್ದಳೆ ಕಲಿಯುತ್ತಿದ್ದಾಳೆ. ಅವಳೇ ಕಂಪ್ಯೂಟರಿನ ಮುಂದೆ ಕೂತು, ಹೊಸದಾಗಿ ಮಾಡಿದ ಒಂದು ರೆಕಾರ್ಡಿಂಗಿನ ಫ್ಲ್ಯಾಕ್ ಮತ್ತು 320ರ ಎಂಪಿ3ಯನ್ನು ಹೇಳದೆ ಬದಲಿಸುತ್ತಾ ಇಪ್ಪತ್ತು ಸಲ ಕೇಳಿಸಿದಳು. ಹನ್ನೊಂದು ಸಲ ಸರಿಯಾಗಿ ಹೇಳಿದೆ. ನಾಣ್ಯ ಚಿಮ್ಮಿದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. 64ರದ್ದನ್ನು ಮಾತ್ರ ಮೂರು ಸೆಕೆಂಡಿನೊಳಗೆ ಗುರುತಿಸಿದೆ. ಹಾಗಾಗಿ ಬಸ್ಸಿನಲ್ಲಿ, ಅಡುಗೆಮನೆಯಲ್ಲಿ, ನಡೆಯುತ್ತಾ ಕೇಳಲು 256 ಅಥವಾ 320 ಧಾರಾಳ ಸಾಕು. ಬ್ಲೂಟೂತ್ ಇಯರ್‌ಫೋನಿಗೆ ಹೋಗುವಾಗ ಧ್ವನಿ ಹೇಗೂ ಇನ್ನೊಮ್ಮೆ ಕುಗ್ಗುತ್ತದೆ. ಕೇಳುವುದಕ್ಕೆ 192 ಕಿಲೋಹರ್ಟ್ಸ್‌ನ ಹೈ-ರೆಸ್ ಬೇಕೇ ಬೇಕು ಎಂದು ಯಾರಾದರೂ ದುಬಾರಿ ಪೆಟ್ಟಿಗೆ ಮಾರಲು ಬಂದರೆ ಒಪ್ಪಬೇಡಿ.

ನನ್ನ ತಕರಾರು ಬಿತ್ತದ ಬಗ್ಗೆ. ಕನ್ನಡದ ಮನೆಗಳಲ್ಲಿ, ಮೇಳಗಳಲ್ಲಿ, ಮುಚ್ಚಿಹೋದ ಕ್ಯಾಸೆಟ್ ಕಂಪನಿಗಳ ಗೋದಾಮುಗಳಲ್ಲಿ ಬಿತ್ತಕ್ಕಿಟ್ಟ ಭತ್ತವನ್ನೂ ನಾವು ಅಕ್ಕಿ ಮಾಡಿಸಿದ್ದೇವೆ, ಎಷ್ಟೋ ಕಡೆ ನುಚ್ಚು ಮಾಡಿಸಿದ್ದೇವೆ.

1990ರಲ್ಲಿ ಭಾಗವತ ಗುಂಡ್ಮಿ ಕಾಳಿಂಗ ನಾವಡರು ರಸ್ತೆ ಅಪಘಾತದಲ್ಲಿ ಹೋದಾಗ ಅವರಿಗೆ ಮೂವತ್ತರ ಆಸುಪಾಸು. ಸಾಲಿಗ್ರಾಮ ಮೇಳದ ಟೆಂಟಿನಲ್ಲಿ ಅವರ ಪದ್ಯ ಕೇಳಲೆಂದೇ ರಾತ್ರಿಯಿಡೀ ಕೂತವರಲ್ಲಿ ನಾನೂ ಒಬ್ಬ. ಅವರ ದನಿ ಈಗಲೂ ಸಿಗುತ್ತದೆ. ಫೋನಿನಲ್ಲಿ ಹೆಸರು ಹಾಕಿದರೆ ಸಾಲು ಸಾಲು ಬರುತ್ತದೆ. ಒಂದು ಸಲ ಕೂತು ನನಗೆ ಸಿಕ್ಕ ಹದಿನಾಲ್ಕು ಕಡತಗಳನ್ನು ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ತೆರೆದು ಸ್ವರಚಿತ್ರ ನೋಡಿದೆ. ಒಂಬತ್ತರ ಹೆಸರಿನಲ್ಲೇ 320 ಎಂದು ಬರೆದಿತ್ತು. ಚಿತ್ರದಲ್ಲಿ ನೋಡಿದರೆ 11,000ದ ಹತ್ತಿರ ಗೋಡೆ ಕಟ್ಟಿದಂತೆ ಎಲ್ಲ ನಿಂತುಹೋಗಿದೆ. ಯಾರೋ 64ರದ್ದನ್ನು ತೆಗೆದುಕೊಂಡು 320ಕ್ಕೆ ಬದಲಾಯಿಸಿದ್ದಾರೆ. ಕಡತ ಐದು ಪಟ್ಟು ದಪ್ಪವಾಗಿದೆ, ಒಳಗೆ ಏನೂ ಹೆಚ್ಚಿಲ್ಲ. ಯೂಟ್ಯೂಬ್‌ನಿಂದ '320 ಕ್ವಾಲಿಟಿ' ಇಳಿಸಿಕೊಡುತ್ತೇವೆ ಎನ್ನುವ ತಾಣಗಳು ಮಾಡುವುದೂ ಇದನ್ನೇ. ಯೂಟ್ಯೂಬ್ ಕೊಡುವ ಧ್ವನಿಯೇ ಸಾಮಾನ್ಯವಾಗಿ 128ರಿಂದ 160ರ ಒಳಗೆ. ಅದರಿಂದ 320 ಎಲ್ಲಿಂದ ಬರಬೇಕು?

ಅದೇ 1990ರ ಡಿಸೆಂಬರಿನಲ್ಲಿ, ನಮ್ಮ ಕರಾವಳಿಯಲ್ಲೇ, ಫಿನ್ಲೆಂಡಿನ ಲೌರಿ ಹೊಂಕೊ ಮತ್ತು ಇಲ್ಲಿಯ ಜಾನಪದ ವಿದ್ವಾಂಸರು ಗೋಪಾಲ ನಾಯ್ಕರು ಹಾಡಿದ ತುಳು ಸಿರಿ ಮಹಾಕಾವ್ಯವನ್ನು ದಿನಗಟ್ಟಲೆ ಕೂತು ದಾಖಲಿಸಿದರು. 1998ರಲ್ಲಿ ಅದು ಪುಸ್ತಕವಾಗಿ ಬಂತು. ಮೊದಲೇ ಯೋಚಿಸಿ, ಇದು ಮುಂದೆ ಬೇಕಾಗುತ್ತದೆ ಎಂದು ತಿಳಿದು ಮಾಡಿದ ಕೆಲಸ. ಮೇಳಗಳ ರಾತ್ರಿಗಳಿಗೆ ಅಂಥ ಭಾಗ್ಯ ಅಷ್ಟಾಗಿ ಸಿಗಲಿಲ್ಲ. ಅವು ಅಭಿಮಾನಿಗಳ ಟೇಪ್ ರೆಕಾರ್ಡರುಗಳಲ್ಲಿ, ಮೈಕ್ ಸೆಟ್‌ನವರ ಪೆಟ್ಟಿಗೆಗಳಲ್ಲಿ ಉಳಿದುಕೊಂಡವು. ಆ ಟೇಪುಗಳಿಗೆ ಈಗ ಮೂವತ್ತೈದು, ನಲವತ್ತು ವರ್ಷ. ಇನ್ನೊಂದು ಹತ್ತು ಮಳೆಗಾಲ ತಡೆಯುತ್ತವೆ ಎಂದು ನನಗೆ ನಂಬಿಕೆಯಿಲ್ಲ. ತಡೆದರೂ ನುಡಿಸುವ ಡೆಕ್ ಇರಬೇಕಲ್ಲ.

ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಹಳೆಯ ಟೇಪನ್ನು ಡಿಜಿಟಲ್ ಮಾಡುವಾಗ ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್ ಇರಬೇಕು ಎನ್ನುತ್ತದೆ. ಗಂಟೆಗೆ ಸುಮಾರು 1 ಜಿಬಿ. ಒಂದು ಟಿಬಿಯ ಹಾರ್ಡ್ ಡಿಸ್ಕಿನಲ್ಲಿ ಏನನ್ನೂ ಕುಗ್ಗಿಸದೆ ನೂರು ರಾತ್ರಿಯ ಆಟ ಇಡಬಹುದು. ಅದಕ್ಕೆ ಒಂದು ಸಾಧಾರಣ ಮೊಬೈಲಿನಷ್ಟೂ ದುಡ್ಡು ಬೀಳುವುದಿಲ್ಲ. ಹಾಗಾದ ಮೇಲೆ, ಸಮ್ಮಾನದ ಶಾಲು ಹಾರಗಳಿಗೆ ಖರ್ಚು ಮಾಡುವ ಸಂಘಗಳಿಗೆ ಇದು ದೊಡ್ಡ ಹೊರೆಯೇ? ಕರ್ನಾಟಕ ಯಕ್ಷಗಾನ ಅಕಾಡೆಮಿ ಒಂದು ನಿಯಮ ಮಾಡಲಿ. ಸರ್ಕಾರದ ಹಣದಲ್ಲಿ ನಡೆಯುವ ಪ್ರತಿ ಪ್ರದರ್ಶನದ ಪ್ರತಿ ಧ್ವನಿಮುದ್ರಣವೂ ವೇವ್ ಅಥವಾ ಫ್ಲ್ಯಾಕ್ ರೂಪದಲ್ಲಿ ಎರಡು ಊರಿನಲ್ಲಿ ಇರಬೇಕು. ಯೂಟ್ಯೂಬಿಗೆ ಹಾಕಿದ್ದೇವೆ ಎಂಬ ಉತ್ತರವನ್ನು ಒಪ್ಪಬಾರದು. ಅದು ಊಟ ಬಡಿಸಿದಂತೆ ಆಯಿತು, ಕಣಜ ತುಂಬಿಸಿದಂತಾಗಲಿಲ್ಲ.

ಇನ್ನು ಕೊಳ್ಳುವ ವಿಷಯ. ಬೆಂಗಳೂರಿನ ಫ್ಲಿಪ್‌ಕಾರ್ಟ್ 2012ರಲ್ಲಿ 'ಫ್ಲೈಟ್' ಎಂಬ ಹಾಡಿನ ಅಂಗಡಿ ತೆರೆದಿತ್ತು. ಹಾಡೊಂದಕ್ಕೆ ಕೆಲವು ರೂಪಾಯಿ ಕೊಟ್ಟು ಎಂಪಿ3 ಇಳಿಸಿಕೊಳ್ಳಬಹುದಿತ್ತು. 2013ರಲ್ಲಿ ಅದು ಮುಚ್ಚಿತು. ನಾನು ಆಗ ಕೊಂಡ ಹಾಡುಗಳು ಇವತ್ತಿಗೂ ನನ್ನ ಕಂಪ್ಯೂಟರಿನಲ್ಲಿ ಹಾಡುತ್ತಿವೆ. ಈಗಿನ ಆ್ಯಪ್‌ಗಳಲ್ಲಿ 'ಡೌನ್‌ಲೋಡ್' ಎಂಬ ಬಾಣದ ಗುರುತು ಇದ್ದರೂ ಇಳಿದದ್ದು ನಮ್ಮದಲ್ಲ. ಚಂದಾ ನಿಲ್ಲಿಸಿದರೆ, ಕಂಪನಿಗಳ ಒಪ್ಪಂದ ಮುಗಿದರೆ ಹಾಡು ಹೋಗುತ್ತದೆ. ಗುಣಮಟ್ಟ ಸುಧಾರಿಸಿದೆ, ನಿಜ. ಆ್ಯಪಲ್ 2021ರಲ್ಲಿ ಹೆಚ್ಚಿನ ದುಡ್ಡಿಲ್ಲದೆ ನಷ್ಟವಿಲ್ಲದ ರೂಪದ ಹಾಡು ಕೊಡಲು ತೊಡಗಿತು. ಆದರೆ ಹಾಡಿನ ಹಕ್ಕಿರುವ ಕಂಪನಿ ಅಲ್ಲಿಗೆ ಏರಿಸಿದ್ದೇ ಹಳೆಯ ಎಂಪಿ3ಯಿಂದ ಮಾಡಿದ್ದಾದರೆ ಯಾವ ಆ್ಯಪ್ ಏನು ಮಾಡೀತು?

ಭಾವಗೀತೆ, ಯಕ್ಷಗಾನ, ಜನಪದದ ಹಕ್ಕು ಹೊಂದಿದವರಲ್ಲಿ ನನ್ನ ಬೇಡಿಕೆ ಇಷ್ಟು. ಮಾಸ್ಟರ್ ಟೇಪ್ ಉಳಿದಿದ್ದರೆ ಅದರಿಂದ ಹೊಸದಾಗಿ ಇಳಿಸಿ, ಪೂರ್ತಿ ಕಡತವನ್ನು ಮಾರಿ. ಬ್ಯಾಂಡ್‌ಕ್ಯಾಂಪ್‌ನಂಥ ತಾಣಗಳಲ್ಲಿ ಕಲಾವಿದರು ತಾವೇ ಫ್ಲ್ಯಾಕ್ ಇಟ್ಟು ಮಾರುವ ಪದ್ಧತಿ ವರ್ಷಗಳಿಂದ ಇದೆ. ಒಂದು ಪ್ರಸಂಗಕ್ಕೆ ಇನ್ನೂರು ರೂಪಾಯಿ ಇಡಿ. ದುಬೈಯಲ್ಲಿರುವ ಮಗ ಕೊಳ್ಳುತ್ತಾನೆ, ನಾನೂ ಕೊಳ್ಳುತ್ತೇನೆ. ಆ ಹಣದಲ್ಲಿ ಮದ್ದಳೆ ನುಡಿಸಿದವರ ಮನೆಗೂ ಪಾಲು ಹೋಗಲಿ.

ಮದ್ದಳೆಗಾರರು 2014ರಲ್ಲಿ ತೀರಿಕೊಂಡರು. ಅವರ ಮೊಮ್ಮಗಳು ಅಜ್ಜನ ಕೈ ಕಲಿಯಬೇಕೆಂದು ನನ್ನ 64ರ ಕಡತವನ್ನು ನಿಧಾನ ಮಾಡಿ ಮಾಡಿ ಕೇಳುತ್ತಾಳೆ. ಒಂದು ಕಡೆ ಏರುಪದ್ಯ ಮುಗಿದು ಮುಕ್ತಾಯ ಬರುವಾಗ ಅಜ್ಜ ಎಡಗೈಯಲ್ಲಿ ಏನೋ ಒಂದು ಮಾಡುತ್ತಾರೆ. ಚಂಡೆ ಅದರ ಮೇಲೆ ಬೀಳುವುದರಿಂದ ಸ್ವರ ಒಡೆದು ಕಲಸಿಹೋಗಿದೆ. "ಇಲ್ಲಿ ಅಜ್ಜಯ್ಯ ಎರಡು ಪೆಟ್ಟು ಹಾಕಿದ್ರಾ, ಮೂರಾ?" ಎಂದು ಅವಳು ನನ್ನನ್ನು ಕೇಳಿದಳು. ಟೇಪು ಕೈಯಲ್ಲಿದ್ದಾಗ ನಾನು ಅದನ್ನು ಪೂರ್ತಿ ಕೇಳಿದ್ದೆ. ನೆನಪಿಲ್ಲ.

ಈಗ ನನ್ನ ಅಂಗಡಿಯಲ್ಲಿ ರೀಚಾರ್ಜ್ ಇಲ್ಲ, ಕಾರ್ಡ್ ಇಲ್ಲ. ಹಳೆಯ ಡೆಕ್‌ಗೆ ಹೊಸ ಬೆಲ್ಟ್ ಹಾಕಿಸಿದ್ದೇನೆ. ಪ್ರತಿ ಕ್ಯಾಸೆಟ್‌ಗೂ ಮೊದಲು ಸ್ಪಿರಿಟ್ ಹಚ್ಚಿದ ಹತ್ತಿಯಲ್ಲಿ ಹೆಡ್ ಒರೆಸುತ್ತೇನೆ. ಹೆಡ್‌ನ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ತಾಳದ ಸದ್ದು ಎಲ್ಲಿ ಹೊಳೆಯುತ್ತದೋ ಅಲ್ಲಿ ನಿಲ್ಲಿಸುತ್ತೇನೆ. ಹಿಸ್‌ಗೆ ಕೈ ಹಾಕುವುದಿಲ್ಲ. ಕಳೆದ ಸೋಮವಾರ ಹೆಮ್ಮಾಡಿ ಕಡೆಯವರೊಬ್ಬರು ಅಕ್ಕಿಚೀಲದಲ್ಲಿ ಇಪ್ಪತ್ತೆರಡು ಕ್ಯಾಸೆಟ್ ತಂದುಕೊಟ್ಟರು. ಎರಡರಲ್ಲಿ ಬೂಷ್ಟು ಶುರುವಾಗಿದೆ, ಅವುಗಳಿಂದಲೇ ಆರಂಭಿಸಿದ್ದೇನೆ. ತೊಂಬತ್ತು ನಿಮಿಷದ ಟೇಪು ಇಳಿಯಲು ತೊಂಬತ್ತು ನಿಮಿಷವೇ ಬೇಕು, ಅವಸರ ಮಾಡುವಂತಿಲ್ಲ. ಮೂರನೆಯದು ಈಗ ತಿರುಗುತ್ತಿದೆ.